ಮೀಟರ್ ಇಳಿದರೂ ಅಪಾಯವೇ: ಚಳಿಯಲ್ಲಿ ಡರ್ಟ್ ಬೈಕಿನ ಕೂಲಂಟ್ ಮೇಲೆ ಕಣ್ಣಿಡುವ ಬಗೆ

ಹೊರಗೆ ಸೊನ್ನೆ ಡಿಗ್ರಿಯ ಆಸುಪಾಸಿನ ಚಳಿ. ಬೈಕ್ ಹೊರಟು ಅರ್ಧ ಗಂಟೆಯಾದರೂ ಕೂಲಂಟ್ ತಾಪಮಾನ 50 ಡಿಗ್ರಿ ದಾಟುತ್ತಿಲ್ಲ; ಉದ್ದನೆಯ ಇಳಿಜಾರು ಬಂದರೆ 40ಕ್ಕೆ ಇಳಿಯುತ್ತದೆ. ಸ್ಪಿತಿ, ಲಡಾಖ್ ಕಡೆ ಬೈಕ್ ಒಯ್ಯುವವರಿಗೂ, ಕೆನಡಾದಲ್ಲೋ ಅಮೆರಿಕದ ಉತ್ತರ ರಾಜ್ಯಗಳಲ್ಲೋ ನೆಲೆಸಿ ಚಳಿಗಾಲದಲ್ಲೂ ಮಣ್ಣಿನ ಹಾದಿಗೆ ಇಳಿಯುವ ನಮ್ಮವರಿಗೂ ಆಗ ಒಂದೇ ಪ್ರಶ್ನೆ: ಇದು ಸರಿಯೇ? 'ಎಂಜಿನ್ ತಣ್ಣಗಿದ್ದರೆ ಒಳ್ಳೆಯದೇ ಅಲ್ಲವೇ' ಎಂಬ ಉತ್ತರ ಜೊತೆಗಾರರಿಂದ ಥಟ್ಟನೆ ಬರುತ್ತದೆ. ಬೇಸಿಗೆಯ ಟ್ರಾಫಿಕ್‌ನಲ್ಲಿ ಬೈಕ್ ಓಡಿಸಿ ಬೆಳೆದ ನಮಗೆ ತಾಪಮಾನದ ಮೀಟರ್ ಎಂದರೆ ಕುದಿಯುವ ಮುನ್ನ ಕೂಗುವ ಎಚ್ಚರಿಕೆ, ಅಷ್ಟೇ. ಚಳಿಯಲ್ಲಿ ಆ ತಿಳಿವಳಿಕೆ ಸಾಲದು. ಅಲ್ಲಿ ಮೊದಲು ಕೇಳಬೇಕಾದದ್ದು ಎಂಜಿನ್ ಬೇಕಾದಷ್ಟು ಬಿಸಿಯಾಗಿದೆಯೇ ಎಂದು. ಆಮೇಲೆ ಕೇಳಬೇಕಾದದ್ದು, ಮೀಟರ್ ತೋರಿಸುವ ಅಂಕಿ ನಿಜವಾಗಿ ಎಂಜಿನ್ನಿನದೇ ಎಂದು. ಈ ಎರಡಕ್ಕೂ ಉತ್ತರ ಗೊತ್ತಿಲ್ಲದೆ ಮೀಟರ್ ನೋಡುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ತಣ್ಣನೆಯ ಎಂಜಿನ್ ಏಕೆ ಕೆಟ್ಟದ್ದು?

ಎಂಜಿನ್ನಿನ ಒಳಗಿನ ಅಳತೆಗಳೆಲ್ಲ ಅದು ಬಿಸಿಯಾದ ಸ್ಥಿತಿಗೆ ಹೊಂದುವಂತೆ ಮಾಡಿದವು. ಪಿಸ್ಟನ್‌ಗೂ ಸಿಲಿಂಡರ್ ಗೋಡೆಗೂ ನಡುವಿನ ಸಂದು ಒಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು. ಉರಿಯುವ ಇಂಧನ ನೇರವಾಗಿ ತಾಗುವುದರಿಂದ ಪಿಸ್ಟನ್ ಬೇಗ ಬಿಸಿಯಾಗಿ ಹಿಗ್ಗುತ್ತದೆ. ಸಿಲಿಂಡರಿನ ಸುತ್ತ ಮಾತ್ರ ತಣ್ಣನೆಯ ಕೂಲಂಟ್ ಹರಿಯುತ್ತಿರುತ್ತದೆ, ಹಾಗಾಗಿ ಅದು ಅದೇ ವೇಗದಲ್ಲಿ ಹಿಗ್ಗುವುದಿಲ್ಲ. ಬೈಕ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಆಕ್ಸಿಲರೇಟರ್ ಪೂರ್ತಿ ತಿರುಚಿದರೆ ಸಂದು ಮುಚ್ಚಿಹೋಗಿ, ಎಣ್ಣೆಯ ತೆಳುಪದರ ಹರಿದು, ಪಿಸ್ಟನ್ ಗೋಡೆಯನ್ನು ಗೀರುತ್ತದೆ. ಮೆಕ್ಯಾನಿಕ್‌ಗಳು 'ಕೋಲ್ಡ್ ಸೀಜ್' ಎನ್ನುವುದು ಇದನ್ನೇ. ಪೆಟ್ರೋಲಿಗೆ ಬೆರೆಸಿದ ಎಣ್ಣೆಯನ್ನೇ ನಂಬಿರುವ 2-ಸ್ಟ್ರೋಕ್ ಬೈಕುಗಳಿಗೆ ಈ ಅಪಾಯ ಹೆಚ್ಚು.

4-ಸ್ಟ್ರೋಕ್ ಎಂಜಿನ್ನಿನಲ್ಲಿ ಹಾನಿ ನಿಧಾನವಾಗಿ, ಕಣ್ಣಿಗೆ ಕಾಣದಂತೆ ನಡೆಯುತ್ತದೆ. ತಣ್ಣನೆಯ ಗೋಡೆಗೆ ತಾಗಿದ ಪೆಟ್ರೋಲ್ ಪೂರ್ತಿ ಆವಿಯಾಗದೆ ಎಣ್ಣೆಯನ್ನು ತೊಳೆದುಕೊಂಡು ಕೆಳಗೆ ಇಳಿಯುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹುಟ್ಟುವ ನೀರೂ ಹೆಚ್ಚುಕಡಿಮೆ ಒಂದು ಲೀಟರ್. ಅದರಲ್ಲಿ ಬಹುಪಾಲು ಹೊಗೆಯ ಜೊತೆ ಆವಿಯಾಗಿ ಹೋಗುತ್ತದೆ, ಆದರೆ ಪಿಸ್ಟನ್ ರಿಂಗ್ ದಾಟಿ ಕೆಳಗಿಳಿದ ಸ್ವಲ್ಪ ಆವಿ ತಣ್ಣನೆಯ ಕ್ರ್ಯಾಂಕ್‌ಕೇಸಿನಲ್ಲಿ ಹನಿಗಟ್ಟುತ್ತದೆ. ಎಂಜಿನ್ ಚೆನ್ನಾಗಿ ಕಾದರೆ ಈ ಪೆಟ್ರೋಲ್, ಈ ನೀರು ಎರಡೂ ಎಣ್ಣೆಯಿಂದ ಆರಿಹೋಗುತ್ತವೆ. ಕಾಯದಿದ್ದರೆ ಅಲ್ಲೇ ಉಳಿಯುತ್ತವೆ. ರೇಸಿಂಗ್ ಡರ್ಟ್ ಬೈಕುಗಳಲ್ಲಿ ಇರುವ ಎಣ್ಣೆಯೇ ಒಂದು ಲೀಟರಿನ ಆಚೀಚೆ. ಅಷ್ಟು ಕಡಿಮೆ ಎಣ್ಣೆಗೆ ಸ್ವಲ್ಪ ಕಲಬೆರಕೆಯೂ ಹೆಚ್ಚೇ. ಎಣ್ಣೆ ಹಾಕುವ ಮುಚ್ಚಳದ ಒಳಗೆ ಹಾಲುಬಿಳುಪಿನ ಕೆನೆ ಕಂಡರೆ, ಅಥವಾ ಹಾಕಿದ್ದಕ್ಕಿಂತ ಎಣ್ಣೆಯ ಮಟ್ಟ ಮೇಲೇರಿದ್ದರೆ, ಎಂಜಿನ್ ಬಹಳ ದಿನದಿಂದ ಅರೆಬೆಚ್ಚಗೆ ಓಡುತ್ತಿದೆ ಎಂದು ತಿಳಿಯಬಹುದು. ಕೂಲಂಟ್ ಒಳಗೆ ಸೋರಿದರೂ ಎಣ್ಣೆ ಬೆಳ್ಳಗಾಗುತ್ತದೆ, ಹಾಗಾಗಿ ಕೂಲಂಟ್ ಮಟ್ಟ ಇಳಿದಿದೆಯೇ ಎಂದೂ ಜೊತೆಗೇ ನೋಡಬೇಕು.

ಎಂಜಿನ್ ಇಷ್ಟು ತಣ್ಣಗಾಗಲು ಕಾರಣ ರೇಡಿಯೇಟರಿನ ಅಳತೆಯಲ್ಲಿದೆ. ಬೇಸಿಗೆಯ ಮಧ್ಯಾಹ್ನ, ಕೆಸರಿನಲ್ಲಿ, ಮೊದಲ ಗೇರಿನಲ್ಲಿ ಏದುಸಿರು ಬಿಡುವ ಎಂಜಿನ್ನನ್ನು ತಣಿಸಲೆಂದು ಅದನ್ನು ಮಾಡಿರುತ್ತಾರೆ. ಕೂಲಂಟಿಗೂ ಹೊರಗಿನ ಗಾಳಿಗೂ ಇರುವ ತಾಪದ ಅಂತರ ಎಷ್ಟೋ, ರೇಡಿಯೇಟರ್ ಹೊರಹಾಕುವ ಶಾಖವೂ ಅದಕ್ಕೆ ತಕ್ಕಂತೆ. ಕೂಲಂಟ್ 85 ಡಿಗ್ರಿ, ಗಾಳಿ 35 ಡಿಗ್ರಿ ಇದ್ದರೆ ಅಂತರ 50. ಗಾಳಿ ಮೈನಸ್ 10ಕ್ಕೆ ಇಳಿದರೆ ಅಂತರ 95. ಅಂದರೆ ಅದೇ ರೇಡಿಯೇಟರ್ ಅದೇ ವೇಗದಲ್ಲಿ ಸುಮಾರು ಎರಡರಷ್ಟು ಶಾಖವನ್ನು ಕಸಿಯಬಲ್ಲದು. ರಸ್ತೆ ಬೈಕುಗಳಲ್ಲಿ ಇದನ್ನು ತಡೆಯಲು ಥರ್ಮೋಸ್ಟಾಟ್ ಎಂಬ ಕವಾಟ ಇರುತ್ತದೆ. ಎಂಜಿನ್ ಕಾಯುವವರೆಗೆ ಅದು ಕೂಲಂಟನ್ನು ರೇಡಿಯೇಟರಿಗೆ ಬಿಡುವುದಿಲ್ಲ. ಮೋಟೋಕ್ರಾಸ್ ರೇಸಿಗೆಂದೇ ಮಾಡಿದ ಬೈಕುಗಳಲ್ಲಿ ಸಾಮಾನ್ಯವಾಗಿ ಥರ್ಮೋಸ್ಟಾಟ್ ಇಲ್ಲ, ಫ್ಯಾನ್ ಇಲ್ಲ, ಮೀಟರೂ ಇಲ್ಲ. ಅಂಥ ಬೈಕಿನಲ್ಲಿ ಸ್ಟಾರ್ಟ್ ಮಾಡಿದ ಗಳಿಗೆಯಿಂದಲೇ ಕೂಲಂಟ್ ರೇಡಿಯೇಟರಿನೊಳಗೆ ಸುತ್ತುತ್ತಿರುತ್ತದೆ.

ಚಳಿಯಲ್ಲೂ ಕುದಿಯುತ್ತದೆ

ಹಾಗೆಂದು ಮೇಲಿನ ಅಂಚನ್ನು ಮರೆಯುವಂತಿಲ್ಲ. ಹಿಮವೋ ಕೆಸರೋ ರೇಡಿಯೇಟರಿನ ರೆಕ್ಕೆಗಳಿಗೆ ಮೆತ್ತಿ ಹೆಪ್ಪುಗಟ್ಟಿದರೆ ಗಾಳಿ ಒಳಗೆ ಹೋಗುವ ದಾರಿಯೇ ಮುಚ್ಚುತ್ತದೆ. 2015ರ ಡಾಕರ್ ರ‍್ಯಾಲಿಯಲ್ಲಿ ಬೊಲಿವಿಯಾದ ಉಯುನಿ ಉಪ್ಪಿನ ಬಯಲನ್ನು ಮಳೆನೀರು ನಿಂತ ಸ್ಥಿತಿಯಲ್ಲಿ, ಕೊರೆಯುವ ಚಳಿಯಲ್ಲಿ ಬೈಕುಗಳು ದಾಟಬೇಕಾಯಿತು. ಎರಚಿದ ಉಪ್ಪುನೀರು ರೇಡಿಯೇಟರುಗಳ ಮೇಲೆ ಗಟ್ಟಿಯಾಗಿ ಕುಳಿತಿತು, ವೈರಿಂಗ್ ಒಳಗೂ ಹೊಕ್ಕಿತು. ಮುಂಚೂಣಿಯಲ್ಲಿದ್ದ ಸವಾರರೇ ಅಲ್ಲಿ ಪಂದ್ಯ ಕಳೆದುಕೊಂಡರು. 

ಹಿಮಾಲಯದಲ್ಲಿ ಇದರ ಮೇಲೆ ಎತ್ತರದ ಲೆಕ್ಕವೂ ಸೇರುತ್ತದೆ. ರೇಡಿಯೇಟರ್ ಮುಚ್ಚಳ ಪ್ರೆಶರ್ ಕುಕ್ಕರಿನ ವೆಯ್ಟ್ ಮಾಡುವ ಕೆಲಸವನ್ನೇ ಮಾಡುತ್ತದೆ: ಒಳಗೆ ಒತ್ತಡ ಹಿಡಿದಿಟ್ಟು ಕುದಿಯುವ ಹಂತವನ್ನು ಮೇಲಕ್ಕೆ ಏರಿಸುತ್ತದೆ. ಆದರೆ ಅದು ಹೊರಗಿನ ಗಾಳಿಯ ಒತ್ತಡದ ಮೇಲೆ ಕೂಡುವ ಒತ್ತಡ. 1.1 ಬಾರ್ ಮುಚ್ಚಳವಿದ್ದರೆ, ಅರ್ಧ ನೀರು ಅರ್ಧ ಗ್ಲೈಕಾಲ್ ಇರುವ ಕೂಲಂಟ್ ಸಮುದ್ರಮಟ್ಟದಲ್ಲಿ 129 ಡಿಗ್ರಿಯ ಸುಮಾರಿಗೆ ಕುದಿಯುತ್ತದೆ. 5,359 ಮೀಟರ್ ಎತ್ತರದ ಖಾರ್ದುಂಗ್ ಲಾದಲ್ಲಿ ಏಳೆಂಟು ಡಿಗ್ರಿ ಮೊದಲೇ. ಅಲ್ಲಿನ ಗಾಳಿಯ ಸಾಂದ್ರತೆಯೂ ಸಮುದ್ರಮಟ್ಟದ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಗಾಳಿ ತಣ್ಣಗಿದ್ದರೂ ತೆಳುವಾಗಿರುವುದರಿಂದ, ನಿಧಾನವಾಗಿ ಹತ್ತುವ ಏರಿನಲ್ಲಿ ಎಂಜಿನ್ ಕಾಯುತ್ತದೆ. ಏರು ಮುಗಿದು ಇಳಿಜಾರು ಸಿಕ್ಕೊಡನೆ ವಿಪರೀತ ತಣಿಯುತ್ತದೆ. ಒಂದೇ ದಿನದಲ್ಲಿ ಎರಡೂ ಅಂಚು ಮುಟ್ಟುವ ಇಂಥ ಕಡೆ ಮೀಟರ್ ನೋಡಲು ಕಲಿತವರಿಗೆ ಬೈಕಿನ ಬಗ್ಗೆ ಬಹಳ ತಿಳಿಯುತ್ತದೆ.

ಅಂಕಿ ಯಾವ ಜಾಗದ್ದು?

ಇಡೀ ವಿಷಯದಲ್ಲಿ ಹೆಚ್ಚಿನವರು ಎಡವುವುದು ಇಲ್ಲಿ. ಮೀಟರ್ ಎಂಜಿನ್ನಿನ ತಾಪ ತೋರಿಸುವುದಿಲ್ಲ. ಸೆನ್ಸರ್ ಕುಳಿತ ಜಾಗದ ತಾಪ ತೋರಿಸುತ್ತದೆ. ಸಿಲಿಂಡರ್ ಹೆಡ್‌ನಲ್ಲೋ, ಹೆಡ್‌ನಿಂದ ರೇಡಿಯೇಟರಿಗೆ ಹೋಗುವ ಹೋಸ್‌ನಲ್ಲೋ ಸೆನ್ಸರ್ ಇದ್ದರೆ ಕೂಲಂಟ್ ಅತಿ ಹೆಚ್ಚು ಬಿಸಿ ಇರುವ ಜಾಗ ತಿಳಿಯುತ್ತದೆ. ರೇಡಿಯೇಟರಿನ ರೆಕ್ಕೆಗಳ ನಡುವೆ ಸಿಕ್ಕಿಸುವ ಸೆನ್ಸರಿಗೆ ತಣ್ಣನೆಯ ಗಾಳಿ ನೇರವಾಗಿ ಬಡಿಯುವುದರಿಂದ ಅದು ಕಡಿಮೆಯನ್ನೇ ತೋರಿಸುತ್ತದೆ; ಚಳಿ ಹೆಚ್ಚಿದಷ್ಟೂ ಈ ವ್ಯತ್ಯಾಸ ಹೆಚ್ಚು. ಮುಚ್ಚಳದ ಮೇಲೆ ಮುಳ್ಳಿರುವ ಗೇಜ್ ಕೂಲಂಟ್ ತುಂಬಿದ್ದರೆ ಮಾತ್ರ ನಂಬಿಕಸ್ಥ. ಸೆನ್ಸರ್ ಹೊಸದಾಗಿ ಹಾಕಿಸುವವರು, ಖರ್ಚು ತುಸು ಹೆಚ್ಚಾದರೂ ಹೆಡ್ ಕಡೆಯ ಹೋಸ್ ಒಳಗೆ ಕೂರುವುದನ್ನೇ ಆರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಚಳಿಯಲ್ಲಿ ಉಳಿದವುಗಳ ಅಂಕಿಯನ್ನು ಅರ್ಥ ಮಾಡಿಕೊಳ್ಳುವುದೇ ಒಂದು ಕೆಲಸವಾಗುತ್ತದೆ.

ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ಕೂಲಂಟ್ ಸೋರಿಹೋಗಿ ಸೆನ್ಸರಿನ ಸುತ್ತ ಗಾಳಿಯೋ ಆವಿಯೋ ಉಳಿದರೆ ಮೀಟರ್ ಸರಿಯಾಗಿ ಓದಲಾರದು. ಒಳಗೆ ಲೋಹ ಸುಡುತ್ತಿದ್ದರೂ ಅಂಕಿ 90ರಿಂದ 50ಕ್ಕೆ ಜಾರಬಹುದು. ಬೇಸಿಗೆಯಲ್ಲಿ ಇಂಥ ಕುಸಿತ ಕಂಡರೆ ಯಾರಾದರೂ ಅನುಮಾನ ಪಡುತ್ತಾರೆ. ಚಳಿಯಲ್ಲಿ 'ಗಾಳಿ ತಣ್ಣಗಿದೆ, ಅದಕ್ಕೇ' ಎಂದು ಸುಮ್ಮನಾಗುತ್ತಾರೆ. ಆದ್ದರಿಂದಲೇ ಒಂದು ಅಂಕಿಗಿಂತ ಅದು ಬದಲಾಗುವ ರೀತಿ ಮುಖ್ಯ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ನಿಧಾನವಾಗಿ ಇಳಿದರೆ ಅದಕ್ಕೆ ಕಾರಣವಿದೆ. ಸಮ ರಸ್ತೆಯಲ್ಲಿ, ಅದೇ ವೇಗದಲ್ಲಿ, ಇದ್ದಕ್ಕಿದ್ದಂತೆ ಕುಸಿದರೆ ಕಾರಣ ಗಾಳಿಯಲ್ಲ. ಸಿಹಿ ವಾಸನೆಯ ಬಿಳಿ ಹೊಗೆಯೂ ಕಂಡರೆ ಆ ಕ್ಷಣವೇ ಎಂಜಿನ್ ಆರಿಸಿ.

ಮಾಡಬೇಕಾದದ್ದು ಹೀಗೆ

1. ನಿಮ್ಮ ಬೈಕಿನಲ್ಲಿ ಥರ್ಮೋಸ್ಟಾಟ್ ಇದೆಯೇ, ಸೆನ್ಸರ್ ಎಲ್ಲಿದೆ ಎಂದು ಮ್ಯಾನುವಲ್ ನೋಡಿ ತಿಳಿದುಕೊಳ್ಳಿ. ಥರ್ಮೋಸ್ಟಾಟ್ ಇರುವ ಬೈಕ್ ಸಮತಟ್ಟು ಹಾದಿಯಲ್ಲೂ 50 ಡಿಗ್ರಿಯಲ್ಲೇ ನಿಂತರೆ, ಆ ಕವಾಟ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರುವ ಸಾಧ್ಯತೆ ಹೆಚ್ಚು. ಐದನೆಯ ಅಂಶದಲ್ಲಿ ಹೇಳಿದಂತೆ ರೇಡಿಯೇಟರಿನ ಮುಂಭಾಗ ಮುಚ್ಚುವ ಮೊದಲು ಆ ಕವಾಟವನ್ನು ಬದಲಿಸಿ.

2. ಹೊರಡುವ ಮುನ್ನ ಕೂಲಂಟಿನ ಶಕ್ತಿ ಅಳೆಯಿರಿ. ಗ್ಲೈಕಾಲ್ ಅಳೆಯುವ ರಿಫ್ರ್ಯಾಕ್ಟೋಮೀಟರಿಗೆ ಒಂದೆರಡು ಹನಿ ಸಾಕು. ಎಥಿಲೀನ್ ಮತ್ತು ಪ್ರೊಪಿಲೀನ್ ಗ್ಲೈಕಾಲ್‌ಗೆ ಅದರಲ್ಲಿ ಬೇರೆ ಬೇರೆ ಗೆರೆಗಳಿರುತ್ತವೆ, ನಿಮ್ಮದು ಯಾವುದೋ ಅದನ್ನೇ ಓದಿ. ಅರ್ಧಕ್ಕರ್ಧ ಬೆರೆಸಿದ ಎಥಿಲೀನ್ ಗ್ಲೈಕಾಲ್ ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟದು. ಆದರೆ 1.2 ಲೀಟರ್ ಹಿಡಿಯುವ ಬೈಕಿನಲ್ಲಿ 400 ಮಿಲಿ ಸೋರಿ, ಆ ಜಾಗಕ್ಕೆ ಬರೀ ನೀರು ತುಂಬಿದರೆ ಗ್ಲೈಕಾಲ್ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ರಕ್ಷಣೆ ಮೈನಸ್ 17ರ ಆಸುಪಾಸಿಗೆ ಕುಸಿಯುತ್ತದೆ. ಸ್ಪಿತಿಯ ಕಾಜಾದಲ್ಲೋ ಲಡಾಖಿನ ಹಾನ್ಲೆಯಲ್ಲೋ ಚಳಿಗಾಲದ ಒಂದು ರಾತ್ರಿಗೆ ಅದು ಸಾಲದು. ನೀರು ಹೆಪ್ಪುಗಟ್ಟುವಾಗ ಶೇ. 9ರಷ್ಟು ಹಿಗ್ಗುತ್ತದೆ, ರೇಡಿಯೇಟರ್ ಕೊಳವೆ ಸೀಳಲು, ವಾಟರ್ ಪಂಪ್ ಒಡೆಯಲು ಅಷ್ಟು ಸಾಕು.

3. ನಿಧಾನವಾಗಿ ಕಾಯಿಸಿ. ಸ್ಟಾರ್ಟ್ ಮಾಡಿ ಒಂದೆರಡು ನಿಮಿಷ ತುಸು ಹೆಚ್ಚಿನ ಐಡ್ಲಿಂಗ್‌ನಲ್ಲಿ ಬಿಡಿ, 40 ಡಿಗ್ರಿ ದಾಟಿದ ಮೇಲೆ ಕಡಿಮೆ ಆರ್‌ಪಿಎಮ್‌ನಲ್ಲಿ ಹೊರಡಿ. 60 ಡಿಗ್ರಿ ತಲುಪಿ ಕೆಲವು ನಿಮಿಷ ಕಳೆಯುವವರೆಗೆ ಜೋರಾಗಿ ತಿರುಚಬೇಡಿ. ಆ ಕೆಲವು ನಿಮಿಷ ಯಾಕೆಂದರೆ, ಎಂಜಿನ್ ಆಯಿಲ್ ಕೂಲಂಟಿಗಿಂತ ತಡವಾಗಿ ಕಾಯುತ್ತದೆ, ಮೀಟರ್ ಅದನ್ನು ತೋರಿಸುವುದಿಲ್ಲ.

4. ನಿಮ್ಮ ಬೈಕಿನ ಸಹಜ ಅಂಕಿಗಳನ್ನು ಬರೆದಿಟ್ಟುಕೊಳ್ಳಿ: ಹೊರಗಿನ ತಾಪ ಎಷ್ಟಿದ್ದಾಗ 60 ಮುಟ್ಟಲು ಎಷ್ಟು ಹೊತ್ತು, ಸಮ ಹಾದಿಯಲ್ಲಿ ಎಷ್ಟಕ್ಕೆ ನಿಲ್ಲುತ್ತದೆ, ಏರಿನಲ್ಲಿ ಎಷ್ಟಕ್ಕೆ ಏರುತ್ತದೆ. ಓಡುತ್ತಿರುವಾಗ 70ರಿಂದ 95 ಡಿಗ್ರಿಯ ನಡುವೆ ಇದ್ದರೆ ನೆಮ್ಮದಿ. ಸತತವಾಗಿ 60ಕ್ಕಿಂತ ಕೆಳಗಿದ್ದರೆ ಅತಿ ತಂಪು. 105 ದಾಟಿದರೆ ವೇಗ, ಗೇರ್ ಬದಲಿಸಿ ಎಂಜಿನ್ನಿಗೆ ಉಸಿರಾಡಲು ಬಿಡಿ. 110 ದಾಟಿದರೆ ನಿಲ್ಲಿಸಿ. ಎತ್ತರದ ಪ್ರದೇಶದಲ್ಲಿ ಈ ಎರಡು ಮಿತಿಗಳನ್ನು ಐದಾರು ಡಿಗ್ರಿ ಕೆಳಗಿಟ್ಟುಕೊಳ್ಳಿ. ಮ್ಯಾನುವಲ್ ಬೇರೆ ಅಂಕಿ ಹೇಳಿದರೆ ಅದೇ ಅಂತಿಮ.

5. ಥರ್ಮೋಸ್ಟಾಟ್ ಇಲ್ಲದ ಬೈಕ್ ಅತಿ ತಂಪಾದರೆ ರೇಡಿಯೇಟರಿನ ಮುಂಭಾಗವನ್ನು ಸ್ವಲ್ಪ ಮುಚ್ಚಿ. ಟೇಪನ್ನು ರೆಕ್ಕೆಗಳಿಗೇ ಅಂಟಿಸಬೇಡಿ, ಕೀಳುವಾಗ ಅವು ಮಡಚಿಕೊಳ್ಳುತ್ತವೆ. ಪ್ಲಾಸ್ಟಿಕ್ ಹಾಳೆಯನ್ನು ರೇಡಿಯೇಟರ್ ಗಾರ್ಡಿಗೆ ಕಟ್ಟಿ; ದಪ್ಪ ಗ್ಲೌಸ್ ಹಾಕಿದ ಕೈಯಲ್ಲೂ ಕಿತ್ತು ತೆಗೆಯುವಂತಿರಲಿ. ಮೊದಲು ಕಾಲು ಭಾಗ ಮಾತ್ರ ಮುಚ್ಚಿ, ಹತ್ತು ನಿಮಿಷ ಓಡಿಸಿ ನೋಡಿ, ಆಮೇಲೆ ಬೇಕಾದರೆ ಹೆಚ್ಚಿಸಿ. ಫ್ಯಾನ್ ಇರುವ ಭಾಗ ತೆರೆದೇ ಇರಲಿ. ಕಡಿದಾದ ಏರು, ಆಳವಾದ ಕೆಸರು ಬರುವ ಮುನ್ನ ತೆಗೆದುಬಿಡಿ.

6. ಪ್ರತಿ ನಿಲುಗಡೆಯಲ್ಲೂ ಮೆತ್ತಿದ ಹಿಮ, ಕೆಸರು ಒರೆಸಿ. ಎಂಜಿನ್ ಆರಿಸಿದ ಮೇಲೆ ಮೀಟರ್ ಸ್ವಲ್ಪ ಏರುವುದು ಸಹಜ, ಪಂಪ್ ನಿಂತು ಕೂಲಂಟ್ ಹರಿಯದಿರುವುದೇ ಕಾರಣ. ಚಹಾಕ್ಕೆಂದು ಅರ್ಧ ಗಂಟೆ ನಿಂತಿರೋ, ಮತ್ತೆ ಹೊರಡುವಾಗ ಅದನ್ನು ತಣ್ಣನೆಯ ಎಂಜಿನ್ ಎಂದೇ ಎಣಿಸಿ.

ಈ ಆರರ ಜೊತೆ ನೆನಪಿಡಬೇಕಾದ ಒಂದು ಲಕ್ಷಣವಿದೆ. ಬೆಳಗ್ಗೆ ಹೊರಟ ಕೆಲವೇ ನಿಮಿಷದಲ್ಲಿ ಮೀಟರ್ ಭರಭರನೆ 100ರತ್ತ ಏರುತ್ತದೆ, ಕೈಯಿಟ್ಟು ನೋಡಿದರೆ ರೇಡಿಯೇಟರ್ ಮಾತ್ರ ಮಂಜುಗಡ್ಡೆಯಷ್ಟು ತಣ್ಣಗಿದೆ. ಥರ್ಮೋಸ್ಟಾಟ್ ಮುಚ್ಚಿದಂತೆಯೇ ಸಿಕ್ಕಿಕೊಂಡಿರಬಹುದು, ಇಲ್ಲವೇ ಗ್ಲೈಕಾಲ್ ಸಾಲದ ಕೂಲಂಟ್ ರೇಡಿಯೇಟರಿನೊಳಗೆ ಅರೆಹೆಪ್ಪಾಗಿ ಹರಿವು ನಿಂತಿರಬಹುದು. ಎರಡರಲ್ಲೂ ಮುಂದೆ ಓಡಿಸಿದರೆ ಹೆಡ್ ಗ್ಯಾಸ್ಕೆಟ್ ಉಳಿಯುವುದಿಲ್ಲ. ಎಂಜಿನ್ ಆರಿಸಿ; ಕೂಲಂಟ್ ಹೆಪ್ಪುಗಟ್ಟಿದ್ದರೆ ಬೈಕನ್ನು ಬಿಸಿಲಿಗೋ ಬೆಚ್ಚನೆಯ ಶೆಡ್ಡಿಗೋ ತಳ್ಳಿ, ಪೂರ್ತಿ ಕರಗಿದ ಮೇಲೆ ಎಲ್ಲೂ ಬಿರುಕು ಬಿಟ್ಟಿಲ್ಲವೆಂದು ನೋಡಿಕೊಂಡು ಕೂಲಂಟ್ ಬದಲಿಸಿ.

ಕೇಳಿಬರುವ ಆಕ್ಷೇಪಗಳು

ಈಗಿನ ಬೈಕುಗಳಲ್ಲಿ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಎಲ್ಲವನ್ನೂ ನೋಡಿಕೊಳ್ಳುತ್ತದೆ, ಸವಾರನಿಗೇಕೆ ಚಿಂತೆ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಥರ್ಮೋಸ್ಟಾಟ್, ಫ್ಯಾನ್, ಒಳ್ಳೆಯ ಕೂಲಂಟ್ ಮೂರೂ ಸರಿಯಿರುವ ಬೈಕ್ ಹೆದ್ದಾರಿಯಲ್ಲಿ ಓಡುವಾಗ ಮೀಟರಿನತ್ತ ಆಗಾಗ ಕಣ್ಣು ಹಾಯಿಸಿದರೆ ಸಾಕು. ಆದರೆ ಎಂಜಿನ್ ತಣ್ಣಗಿದ್ದರೆ ಇಸಿಯು ಮಾಡುವುದು ಹೆಚ್ಚು ಪೆಟ್ರೋಲ್ ಚಿಮ್ಮಿಸುವುದನ್ನು. ಬೈಕ್ ಮುಗ್ಗರಿಸದೆ ಓಡುತ್ತದೆ, ನಿಜ. ಎಣ್ಣೆಗೆ ಇಳಿಯುವ ಪೆಟ್ರೋಲೂ ಅಷ್ಟೇ ಹೆಚ್ಚುತ್ತದೆ. ಸವಾರನಿಗೆ ತೊಂದರೆ ಗೊತ್ತಾಗದಂತೆ ಮಾಡುವುದು ತೊಂದರೆಯನ್ನು ಹೋಗಲಾಡಿಸಿದಂತಲ್ಲ. ಇನ್ನು ಕಾರ್ಬ್ಯುರೇಟರ್ ಇರುವ 2-ಸ್ಟ್ರೋಕ್ ಬೈಕಿಗೆ ಆ ಸಹಾಯವೂ ಇಲ್ಲ. ಮೈನಸ್ 10 ಡಿಗ್ರಿಯ ಗಾಳಿ 30 ಡಿಗ್ರಿಯ ಗಾಳಿಗಿಂತ ಸುಮಾರು ಶೇ. 15ರಷ್ಟು ಹೆಚ್ಚು ಸಾಂದ್ರ. ಜೆಟ್ ಬದಲಿಸದಿದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಪಿಸ್ಟನ್ ಸುಡುತ್ತದೆ.

ಇಷ್ಟು ವರ್ಷ ಮೀಟರ್ ಇಲ್ಲದ ಬೈಕುಗಳಲ್ಲೇ ಜನ ಲಡಾಖ್ ಸುತ್ತಿ ಬಂದಿಲ್ಲವೇ ಎಂಬುದು ಇನ್ನೊಂದು ವಾದ. ಬಂದಿದ್ದಾರೆ, ಆದರೆ ಬಹುಮಟ್ಟಿಗೆ ಗಾಳಿಯಿಂದ ತಣಿಯುವ ಎಂಜಿನ್ನುಗಳಲ್ಲಿ. ರಾಯಲ್ ಎನ್‌ಫೀಲ್ಡ್‌ನ 2016ರ ಹಿಮಾಲಯನ್ 411ರಲ್ಲಿ ಇದ್ದದ್ದು ಗಾಳಿ ಮತ್ತು ಆಯಿಲ್ ಕೂಲಿಂಗ್. ಆ ಕಂಪನಿ ಮೊದಲ ಬಾರಿಗೆ ಲಿಕ್ವಿಡ್ ಕೂಲಿಂಗ್ ತಂದದ್ದು 2023ರ ನವೆಂಬರಿನಲ್ಲಿ ಬಂದ 452 ಸಿಸಿಯ ಹೊಸ ಹಿಮಾಲಯನ್‌ನಲ್ಲಿ. ಕೆಟಿಎಂ 390 ಅಡ್ವೆಂಚರ್, ಹೀರೋ ಎಕ್ಸ್‌ಪಲ್ಸ್ 210 ಕೂಡ ಲಿಕ್ವಿಡ್ ಕೂಲ್ಡ್. ಹಳೆಯ ಬೈಕಿನಲ್ಲಿ ಹೆಪ್ಪುಗಟ್ಟಲು ಕೂಲಂಟೇ ಇರಲಿಲ್ಲ. ಬೈಕ್ ಬದಲಾದ ಮೇಲೆ ಅದನ್ನು ನೋಡಿಕೊಳ್ಳುವ ಕ್ರಮವೂ ಬದಲಾಗಲೇಬೇಕು.

ರೇಡಿಯೇಟರ್ ಮುಚ್ಚುವುದು ಅಪಾಯಕರ ಎಂಬ ಮೂರನೆಯ ಆಕ್ಷೇಪ ನಿಜವಾಗಿಯೂ ತೂಕದ್ದು. ಮೀಟರ್ ಇಲ್ಲದ ಬೈಕಿನಲ್ಲಿ ಊಹೆಯಿಂದ ಮುಚ್ಚುವುದನ್ನು ನಾನೂ ಒಪ್ಪುವುದಿಲ್ಲ. ಖಾಯಮ್ಮಾಗಿ ಹಿಮದಲ್ಲೇ ಓಡಿಸುವವರಿಗೆ ಹೋಸ್ ನಡುವೆ ಕೂರಿಸುವ ಥರ್ಮೋಸ್ಟಾಟೇ ಸರಿಯಾದ ಪರಿಹಾರ. ಮೋಟೋಕ್ರಾಸ್ ಬೈಕಿಗೆ ಚಕ್ರದ ಬದಲು ಪಟ್ಟಿ, ಸ್ಕೀ ಜೋಡಿಸಿ ಓಡಿಸುವ ಸ್ನೋ ಬೈಕ್ ಸವಾರರು ಇದನ್ನೇ ಬಳಸುತ್ತಾರೆ. ಅವರು ಆರಿಸುವುದು ಬೈಪಾಸ್ (ರೇಡಿಯೇಟರನ್ನು ಬಿಟ್ಟು ಸುತ್ತುವ ಅಡ್ಡದಾರಿ) ಇರುವ ಥರ್ಮೋಸ್ಟಾಟ್. ಬೈಪಾಸ್ ಇಲ್ಲದಿದ್ದರೆ ಕವಾಟ ತೆರೆದೊಡನೆ ರೇಡಿಯೇಟರಿನಲ್ಲಿ ಸೊನ್ನೆಗಿಂತ ಕೆಳಗಿದ್ದ ಕೂಲಂಟ್ ಕಾದ ಸಿಲಿಂಡರಿಗೆ ಒಮ್ಮೆಲೇ ನುಗ್ಗುತ್ತದೆ, ಸಿಲಿಂಡರ್ ಕುಗ್ಗಿ ಪಿಸ್ಟನ್ನನ್ನು ಹಿಡಿದುಬಿಡಬಹುದು. ಬೈಪಾಸ್ ಇದ್ದರೆ ಬಿಸಿ ಮತ್ತು ತಣ್ಣನೆಯ ಕೂಲಂಟ್ ಬೆರೆತು ಹದವಾಗಿ ಒಳಹೋಗುತ್ತದೆ.

ಸಾಮಾನ್ಯ ತಪ್ಪುಗಳು

ನೀರು ಬೆರೆಸದ ಗ್ಲೈಕಾಲ್ ಹೆಚ್ಚು ರಕ್ಷಣೆ ಕೊಡುತ್ತದೆಂದು ನಂಬುವುದು ಮೊದಲನೆಯದು. ಶುದ್ಧ ಎಥಿಲೀನ್ ಗ್ಲೈಕಾಲ್ ಮೈನಸ್ 13ರ ಸುಮಾರಿಗೇ ಹೆಪ್ಪುಗಟ್ಟುತ್ತದೆ, ಶಾಖವನ್ನೂ ನೀರಿನಷ್ಟು ಚೆನ್ನಾಗಿ ಸಾಗಿಸುವುದಿಲ್ಲ. ಹಾಗೆಯೇ 'ರೆಡಿ ಮಿಕ್ಸ್' ಎಂದು ಬರೆದ ಡಬ್ಬಕ್ಕೆ ಮತ್ತೆ ನೀರು ಬೆರೆಸುವವರೂ ಬಹಳ, ಲೇಬಲ್ ಓದಿ. ಬೋರ್‌ವೆಲ್ ನೀರು ಹಾಕುವುದು ನಮ್ಮ ಕಡೆಯ ದೊಡ್ಡ ದುರಭ್ಯಾಸ. ಆ ಗಡಸು ನೀರಿನ ಸುಣ್ಣದಂಶ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಡಿಸ್ಟಿಲ್ಡ್ ವಾಟರ್ ಮಾತ್ರ ಬಳಸಿ. ಮೀಟರ್ ಏರಲೆಂದು ನಿಂತಲ್ಲೇ ಕಾಲು ಗಂಟೆ ಐಡ್ಲಿಂಗ್ ಬಿಡುವುದೂ ತಪ್ಪೇ, ಅದರಿಂದ ಎಣ್ಣೆಗೆ ಪೆಟ್ರೋಲ್ ಇಳಿಯುತ್ತದೆ. ಕಾದ ರೇಡಿಯೇಟರಿನ ಮುಚ್ಚಳವನ್ನಂತೂ ಚಳಿಯಿದೆ ಎಂದು ತೆರೆಯಬೇಡಿ. ಎತ್ತರದಲ್ಲಿ ಕೂಲಂಟ್ ಬೇಗ ಕುದಿಯುವುದರಿಂದ ಮುಖಕ್ಕೆ ಚಿಮ್ಮುವ ಸಂಭವ ಅಲ್ಲಿ ಇನ್ನೂ ಹೆಚ್ಚು.

ಎಥಿಲೀನ್ ಗ್ಲೈಕಾಲ್ ವಿಷ, ಆದರೆ ರುಚಿ ಸಿಹಿ. ಹಳೆಯ ಕೂಲಂಟನ್ನು ರಸ್ತೆ ಬದಿಗೋ ಹಳ್ಳಕ್ಕೋ ಚೆಲ್ಲಿದರೆ ನಾಯಿ, ದನ ನೆಕ್ಕಿ ಸಾಯುತ್ತವೆ. ಅದನ್ನು ಮುಚ್ಚಳವಿರುವ ಡಬ್ಬಕ್ಕೆ ತುಂಬಿಸಿ, ಮಕ್ಕಳ ಕೈಗೆ ಸಿಗದಂತೆ ಇಟ್ಟು, ಸರ್ವೀಸ್ ಸೆಂಟರಿಗೇ ಒಪ್ಪಿಸಿ.